ಮಗ್ಗ ನಿಂತ ಮೇಲೂ

ಫೆಬ್ರವರಿ 9

ಅಮ್ಮಾ,

ನೀನು ಮನೆ ಮುಟ್ಟಿದ ಸುದ್ದಿಯನ್ನು ಮೂಲೆ ಅತ್ತೆಯ ಮಗ ಫೋನು ಮಾಡಿ ತಿಳಿಸಿದ. ನೀವಿಬ್ಬರೂ ಮಗ್ಗ ನಡೆಸುತ್ತಿದ್ದ ಗಿರಣಿ ಮುಚ್ಚಿ ಇಷ್ಟು ವರ್ಷವಾದರೂ ನಿನ್ನ ವಿಷಯ ನನಗೆ ಗೊತ್ತಾಗುವುದು ಪಕ್ಕದ ಮಗ್ಗದವರ ಮನೆಯಿಂದಲೇ. ನಾನು ಫೋನು ಮಾಡಿದರೆ ಎಲ್ಲದಕ್ಕೂ "ಹ್ಞೂ, ಆಯ್ತು" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಬರೀ ಹ್ಞೂಗುಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಅವತ್ತು ನನ್ನ ಮಾತು ಬಿರುಸಾಯಿತು, ಒಪ್ಪುತ್ತೇನೆ. ಆದರೆ ನನ್ನ ಜಾಗದಲ್ಲಿ ನಿಂತು ನೋಡು. ನಾನು ಕೆಲಸಕ್ಕಿದ್ದ ಔಷಧಿ ಅಂಗಡಿಗೆ ಹೋಗಿ, ಮತ್ತೆ ಕೆಲಸಕ್ಕೆ ಯಾವಾಗ ಬರಲಿ ಎಂದು ಯಜಮಾನರನ್ನು ಕೇಳಿಕೊಂಡು ಬರುವಷ್ಟು ಹೊತ್ತು ಮಗುವನ್ನು ನಿನಗೆ ಒಪ್ಪಿಸಿದ್ದೆ. ಹಿಂದಿರುಗಿದಾಗ ಕೆಳಗಿನ ಮೆಟ್ಟಿಲಿಗೇ ಅಳು ಕೇಳಿಸಿತು. ಎದುರು ಮನೆಯವರು ನಮ್ಮ ಬಾಗಿಲ ಮುಂದೆ ನಿಂತು ಬೆಲ್ಲು ಒತ್ತುತ್ತಿದ್ದರು. ಬೀಗ ತೆಗೆದು ಒಳಗೆ ಹೋದರೆ ಎಲ್ಲರೂ ಮುದ್ದಿಗೆ ಉಂಡೆ ಎನ್ನುವ ಮಗು ತೊಟ್ಟಿಲಲ್ಲಿ ಕೆಂಪಗಾಗಿ, ದನಿ ಒಡೆದು, ಬಿಕ್ಕುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು. ನೀನು ಹಿಂದಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತು ಒಗೆದ ಬಟ್ಟೆ ಮಡಚುತ್ತಿದ್ದೆ, ಅಂಚಿಗೆ ಅಂಚು ಕೂಡಿಸಿ, ಏನೂ ಆಗದವಳಂತೆ.

"ಮಗು ಬೇಡವಾಗಿದ್ರೆ ಮೊದಲೇ ಹೇಳ್ಬೇಕಿತ್ತು" ಅಂದೆ. ನೀನು ನನ್ನ ಬಾಯನ್ನೇ ನೋಡುತ್ತ ನಿಂತೆ. ಬೆಳಿಗ್ಗೆ ಚೀಲ ಹಿಡಿದು ಹೊರಟೇಬಿಟ್ಟೆ. ಇವರು ಬಸ್ಸಿನವರೆಗೆ ಬರುತ್ತೇನೆಂದರೂ ಬೇಡವೆಂದೆಯಂತೆ.

ಹೇಗೂ ಬರೆಯಲು ಕೂತಿದ್ದೇನೆ, ಹೊಟ್ಟೆಯಲ್ಲಿರುವುದನ್ನು ಬರೆದುಬಿಡುತ್ತೇನೆ. ನನಗೂ ನೀನು ಒಂದು ದಿನ ಜೋಗುಳ ಹಾಡಿದವಳಲ್ಲ. ಪಾಳಿ ಮುಗಿಸಿ ಬಂದು ಸಂಜೆ ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ನಿನ್ನಷ್ಟಕ್ಕೆ ನೀನು ತುಟಿ ಆಡಿಸುತ್ತಿದ್ದೆ. ದೇವರ ಹೆಸರು ಹೇಳಿಕೊಳ್ಳುತ್ತೀಯ ಅಂದುಕೊಂಡಿದ್ದೆ. ಮೊಮ್ಮಗಳ ಹತ್ತಿರವಾದರೂ ಬೇರೆ ಥರ ಇರುತ್ತೀಯೆಂದು ಆಸೆಪಟ್ಟದ್ದು ನನ್ನದೇ ತಪ್ಪಿರಬೇಕು.

ನಿನ್ನ ಮಗಳು

ಫೆಬ್ರವರಿ 26

ಲಾಳಿ,

ಕಾಗದ ಬಂತು. ಪ್ರಯಾಣ ಚೆನ್ನಾಗಿಯೇ ಆಯಿತು. ಇಲ್ಲಿ ನಲ್ಲಿ ಸರಿಮಾಡಿಸಿದ್ದೇನೆ, ಇನ್ನು ತೊಟ್ಟಿಕ್ಕುವುದಿಲ್ಲ. ಅಳಿಯಂದಿರ ಕೆಮ್ಮು ಹೇಗಿದೆ?

ಕಿವಿ ಸ್ವಲ್ಪ ಮಂದವಾಗಿದೆ. ವಯಸ್ಸಾಯಿತಲ್ಲ. ಅದರಲ್ಲಿ ದೊಡ್ಡ ವಿಷಯವೇನಿಲ್ಲ.

ಮಗುವಿನ ದನಿ ಸರಿಹೋಯಿತೇ? ಅದನ್ನು ನೀನು ಬರೆದಿಲ್ಲ.

ಜೋಗುಳ ಹಾಡಿದವಳಲ್ಲ ಎಂದು ಬರೆದಿದ್ದೀಯ. ಉಳಿದದ್ದಕ್ಕೆಲ್ಲ ನಾನು ಎದುರುತ್ತರ ಕೊಡುವುದಿಲ್ಲ. ಆದರೆ ಇದೊಂದು ಸುಳ್ಳು ಕಣೇ. ದಿನಾ ಹಾಡಿದ್ದೇನೆ. ನಿಮ್ಮಪ್ಪ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದರು.

ಅಮ್ಮ

ಮಾರ್ಚ್ 14

ಅಮ್ಮಾ,

ಉಂಡೆಯ ದನಿ ಮಾರನೆಯ ದಿನವೇ ಸರಿಹೋಯಿತು. ಈಗ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚುತ್ತದೆ.

ಜೋಗುಳದ ವಿಷಯದಲ್ಲಿ ಜಗಳವಾಡಲು ನನಗೆ ಶಕ್ತಿಯಿಲ್ಲ. ನನ್ನ ಬಾಲ್ಯ ನನಗೆ ನೆನಪಿದೆ. ನಿನ್ನ ದನಿಯೂ ನೆನಪಿದೆ: "ಲೇ, ಬಾಗಿಲು ಹಾಕೇ!", "ಲೇ, ಹಾಲು ಉಕ್ತಿದೆ!" ಎಂದು ಕೂಗುತ್ತಿದ್ದದ್ದು. ನೀನೂ ಅಪ್ಪನೂ ಊಟದ ಹೊತ್ತಿಗೆ ಮಾತಾಡಿಕೊಂಡರೆ ಬೀದಿಯವರು ಜಗಳ ಬಿಡಿಸಲು ಬರುತ್ತಿದ್ದರು. ಆ ದನಿಯಲ್ಲಿ ಒಂದು ಹಾಡು ಕೇಳಿದ್ದರೆ ಮರೆಯುತ್ತಿರಲಿಲ್ಲ.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ಮೊನ್ನೆ ಇವರು ಒಂದು ಮಾತು ಹೇಳಿದರು. "ನಿಮ್ಮಮ್ಮ ನಾನು ಎದುರಿಗೆ ನಿಂತು ಕೇಳಿದ್ರೆ ಸರಿಯಾಗಿ ಉತ್ತರ ಕೊಡ್ತಾರೆ. ಆ ಕಡೆ ತಿರುಗಿ ಕೇಳಿದ್ರೆ ನಾನು ಇದ್ದೀನಿ ಅನ್ನೋದೇ ಗೊತ್ತಿಲ್ಲದ ಹಾಗೆ ಇರ್ತಾರೆ. ಅದು ಕೊಬ್ಬಲ್ಲ ಕಣೇ, ಕಿವಿ." ನಾನು ಕೂತು ಯೋಚಿಸಿದೆ. ನೀನಿದ್ದ ದಿನಗಳಲ್ಲಿ ಕುಕ್ಕರ್ ಎಷ್ಟು ಸಲ ಕೂಗಿದರೂ ನಾನೇ ಓಡಬೇಕಾಗಿತ್ತು. ನೀನು ಮೈಗಳ್ಳತನ ಮಾಡುತ್ತೀಯ ಅಂದುಕೊಂಡಿದ್ದೆ, ಜೀವಮಾನದಲ್ಲಿ ಒಂದು ಗಳಿಗೆ ಸುಮ್ಮನೆ ಕೂರದ ನಿನ್ನನ್ನು.

ದಯವಿಟ್ಟು ಕಿವಿ ತೋರಿಸಿಕೊ. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಲೇಬೇಕು. ಉಂಡೆಯನ್ನು ಗೊತ್ತಿಲ್ಲದವರ ಕೈಗೆ ಕೊಡಲು ಮನಸ್ಸಿಲ್ಲ. ನಿನ್ನ ಕೈಗೆ ಕೊಡಲು ಈಗ ಧೈರ್ಯವಿಲ್ಲ. ಬಾಯಿಬಿಟ್ಟು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ ಮಾಡಿಸಿಕೊಳ್ಳದೆ ನೀನೊಬ್ಬಳೇ ಇರುವಾಗ ಮಗುವನ್ನು ಬಿಟ್ಟು ಹೋಗಲಾರೆ.

ನಿನ್ನ ಮಗಳು

ಏಪ್ರಿಲ್ 20

ಲಾಳಿ,

ತೋರಿಸಿಕೊಂಡೆ. ಮೂಲೆ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಒಬ್ಬಳಿಗೆ ಕೇಳಿಸದಿದ್ದರೆ ಇನ್ನೊಬ್ಬಳಿಗೆ ಕೇಳಿಸೀತೆಂದು. ಆಸ್ಪತ್ರೆಯಲ್ಲಿ ಹೆಸರು ಕರೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ನಮ್ಮ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದ ಮೇಲೆ ಆಯಾ ಬಂದು ಭುಜ ತಟ್ಟಿದಳು.

ಪರೀಕ್ಷೆಯ ಕೋಣೆ ಪುಟ್ಟದು, ಗೋಡೆಗೆಲ್ಲ ಹಾಸಿಗೆ ಹೊದಿಸಿದಂತಿತ್ತು. ಪರೀಕ್ಷೆ ಮಾಡುವ ಹುಡುಗಿ ನಿನಗಿಂತ ಚಿಕ್ಕವಳು. ಕಿವಿಗೆ ಏನೋ ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಬೇಕು ಅಂದಳು. ಬಾಗಿಲು ಹಾಕಿದ ಕೂಡಲೇ ಸದ್ದು ಶುರುವಾಯಿತು. ಒತ್ತಿದೆ. ಮತ್ತೆ ಒತ್ತಿದೆ, ಬಿಡದೆ ಒತ್ತಿದೆ. ಅವಳು ಬಾಗಿಲು ತೆರೆದು ಬಂದು ಎದುರಿಗೆ ನಿಂತು, "ಅಮ್ಮಾ, ನಾನಿನ್ನೂ ಸದ್ದು ಬಿಟ್ಟೇ ಇಲ್ಲ" ಅಂದಳು.

ನನಗೆ ಅಳು ಬಂತು. ಈ ವಿಷಯವನ್ನು ನಾನು ಯಾರಿಗೂ ಹೇಳಿದವಳಲ್ಲ, ನಿಮ್ಮಪ್ಪನಿಗೂ ಹೇಳಿರಲಿಲ್ಲ. ನನ್ನ ತಲೆಯೊಳಗೆ ಗಿರಣಿ ಮುಚ್ಚಿಯೇ ಇಲ್ಲ ಲಾಳಿ. ಎದ್ದಾಗ, ಕೂತಾಗ, ಉಣ್ಣುವಾಗ, ದೂರದಲ್ಲಿ ಮಗ್ಗದ ಶೆಡ್ಡು ಓಡುತ್ತಿರುತ್ತದೆ. ಅದರ ಮೇಲೆ ಸಣ್ಣಗೆ ಒಂದು ಸಿಳ್ಳೆ. ಮನೆಯಲ್ಲಿ ಯಾರೂ ಇಲ್ಲದಾಗ ಹೆಚ್ಚು. ಹೇಳಿದರೆ ತಲೆಕೆಟ್ಟಿದೆ ಅಂದಾರು, ಮಗುವನ್ನು ಮುಟ್ಟಲೂ ಬಿಡಲಾರರು ಎಂಬ ಭಯ. ಹೇಳದೆಯೂ ಅದೇ ಆಯಿತು.

ಆ ಹುಡುಗಿ ನಗಲಿಲ್ಲ. ಇದಕ್ಕೆ ಕಿವಿಮೊರೆತ ಅನ್ನುತ್ತಾರೆ, ಮಗ್ಗದವರಲ್ಲಿ ಬಹಳ ಜನಕ್ಕೆ ಇದೆ ಅಂದಳು. ಶೆಡ್ಡಿನ ಆರ್ಭಟಕ್ಕೆ ಕಿವಿಯೊಳಗಿನ ನಯವಾದ ಕೂದಲಂಥವು ಸವೆದುಹೋಗುತ್ತವಂತೆ, ಮತ್ತೆ ಹುಟ್ಟುವುದಿಲ್ಲವಂತೆ. ಮೊದಲು ಹೋಗುವುದು ಸಣ್ಣ ದನಿಗಳು: ಹಕ್ಕಿ, ಕರೆಗಂಟೆ, ಕುಕ್ಕರ್ ಸಿಳ್ಳೆ. ಮಗುವಿನ ಅಳು ಬಾಗಿಲಾಚೆಯಿಂದ ಬಂದರೆ ಅದೂ ಅಷ್ಟೇ. ಕಿವಿ ಕಳಿಸದೆ ಬಿಟ್ಟದ್ದನ್ನು ಮಿದುಳು ತಾನೇ ತುಂಬಿಕೊಳ್ಳಲು ಹೋಗುತ್ತದೆ, ಆ ಸದ್ದೇ ನಿಮಗೆ ಕೇಳುವುದು ಅಂದಳು. ವಾಸಿಯಾಗುತ್ತದೆಯೇ ಎಂದು ಕೇಳಿದೆ. "ಹೋಗಲ್ಲಮ್ಮ. ಆದ್ರೆ ಅದರ ಜೊತೆ ಬದುಕೋದನ್ನ ಕಲೀಬಹುದು" ಅಂದಳು. ಸುಳ್ಳು ಹೇಳದೆ ಇದ್ದದ್ದಕ್ಕೆ ಅವಳ ಮೇಲೆ ಅಕ್ಕರೆ ಬಂತು.

ಇನ್ನೊಂದು ಆಯಿತು. ಕಿವಿಗಿಡುವ ಯಂತ್ರ ಬರುವುದು ತಡ ಇದೆ, ಅಷ್ಟರಲ್ಲಿ ಮನೆಯಲ್ಲಿ ಯಾರ್ಯಾರಿದ್ದಾರೆ ಹೇಳಿ ಅಂದಳು. ಉಂಡೆಯ ವಿಷಯ ಹೇಳತೊಡಗಿದೆ, ಅದರ ಕೈ, ಅದರ ಬೊಚ್ಚು ನಗು. ಅವಳು ನಡುವೆ ತಡೆದು, "ಸ್ವಲ್ಪ ದನಿ ಹಾಕಿ ಮಾತಾಡಿ" ಅಂದಳು. "ಮಾತಾಡ್ತಾನೇ ಇದ್ದೀನಲ್ಲ" ಅಂದೆ. ಅವಳು ನನ್ನ ಅಂಗೈಯನ್ನು ತೆಗೆದು ನನ್ನದೇ ಗಂಟಲ ಮೇಲಿಟ್ಟಳು. ಗಂಟಲು ಕಲ್ಲಿನಂತೆ ಸುಮ್ಮನಿತ್ತು. ಬರೀ ತುಟಿ ಆಡುತ್ತಿತ್ತು. ಮೂಲೆ ಅತ್ತೆ ಪಕ್ಕದಲ್ಲಿ ಕೂತು, "ನಂಗೆಲ್ಲಾ ಸರಿಯಾಗೇ ಕೇಳಿಸ್ತಲ್ಲ" ಅಂದಳು.

ಶೆಡ್ಡಿನಲ್ಲಿ ನಾವು ಹೀಗೇ ಮಾತಾಡುತ್ತಿದ್ದದ್ದು. ಗಂಟಲು ಹರಿದುಕೊಂಡರೂ ಕೇಳದ ಜಾಗದಲ್ಲಿ ದನಿ ಯಾಕೆ ದಂಡ ಮಾಡಬೇಕು? ತುಟಿ ನೋಡಿದರೆ ಸಾಕಿತ್ತು. ಹೆರಿಗೆ, ಸಾವು, ಅತ್ತೆ ಕಾಟ, ಎಲ್ಲ ಸುದ್ದಿಯೂ ಹಾಗೇ ಓಡಾಡುತ್ತಿತ್ತು. ಕೂಗಿ ಹೇಳುವ ಮಾತಿಗೆ ನನಗೆ ದನಿ ತಾನಾಗಿ ಬರುತ್ತದೆ. ಮೆಲ್ಲಗೆ ಆಡುವ ಮಾತಿಗೆ ದನಿ ಹಾಕುವುದೇ ಮರೆತುಹೋಗುತ್ತದೆ ಎಂದು ಆ ಹುಡುಗಿ ಕಂಡುಹಿಡಿದಳು. ನನಗೆ ಎರಡೂ ಒಂದೇ ಥರ ಕೇಳುತ್ತದೆ, ತಲೆಯೊಳಗೆ.

ಅಂದಿನಿಂದ ಒಂದು ಯೋಚನೆ ಬಂದು ಕೂತಿದೆ. ಅದನ್ನು ಬರೆಯುವುದಿಲ್ಲ.

ಅಮ್ಮ

ಮೇ 3

ಅಮ್ಮಾ,

ನೀನು ಬರೆಯದೆ ಬಿಟ್ಟದ್ದನ್ನು ನಾನು ಓದಿಕೊಂಡೆ.

ಕಾಗದ ಕೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇವರು ಏನಾಯಿತೆಂದು ಕೇಳಿದರೆ ಕಾಗದವನ್ನೇ ಕೈಗೆ ಕೊಟ್ಟೆ. ನನ್ನ ಹಾಸಿಗೆ, ಕಿಟಕಿಯ ಪಕ್ಕ. ಹೊರಗೆ ಇನ್ನೂ ಸ್ವಲ್ಪ ಬೆಳಕು. ನಿನ್ನ ಕೂದಲಲ್ಲಿ ಹತ್ತಿಯ ಧೂಳು. ನಿನ್ನ ಕೈ ನನ್ನ ಬೆನ್ನ ಮೇಲೆ ತಟ್ಟುತ್ತಿತ್ತು, ನಿಧಾನವಾಗಿ, ಲಯ ತಪ್ಪದೆ. ತುಟಿ ಆಡುತ್ತಿತ್ತು. ನಾನು ನೋಡುತ್ತ ನೋಡುತ್ತ ನಿದ್ದೆ ಹೋಗುತ್ತಿದ್ದೆ. ಬಾಗಿಲಲ್ಲಿ ಅಪ್ಪ ನಿಂತಿರುತ್ತಿದ್ದರು.

ನೀನು ಹಾಡುತ್ತಿದ್ದೆ.

ದಿನಾ ಹಾಡುತ್ತಿದ್ದೆ, ಅಲ್ಲವೇ ಅಮ್ಮಾ? ದನಿ ಹೊರಗೆ ಬಂದಿಲ್ಲವೆಂದು ನಿನಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕೆಂದು ಮಗುವಿಗೆ ಹೇಗೆ ಹೊಳೆಯಬೇಕು? ಎಲ್ಲ ಅಮ್ಮಂದಿರೂ ಹೀಗೇ ಸುಮ್ಮನಿರುತ್ತಾರೆ ಅಂದುಕೊಂಡೆ. ಬೈದದ್ದೆಲ್ಲ ಕೇಳಿಸಿತು, ಮುದ್ದು ಮಾಡಿದ್ದು ಒಂದೂ ಕೇಳಿಸಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಇಷ್ಟು ದೊಡ್ಡವಳಾದೆ. ನೀನು ಗಟ್ಟಿ ಮನಸ್ಸಿನವಳು ಎಂದು ಮದುವೆಗೆ ಮುಂಚೆ ಇವರಿಗೆ ಹೇಳಿದ್ದೆ. ಈಗ ಆ ಮಾತನ್ನು ಎಲ್ಲಿ ಹೋಗಿ ಹಿಂದಕ್ಕೆ ತೆಗೆದುಕೊಳ್ಳಲಿ?

ಸಂಕಟವಾಗುತ್ತಿದೆ. ಯಾರನ್ನು ಬಯ್ಯಬೇಕೋ ಗೊತ್ತಾಗುತ್ತಿಲ್ಲ.

ಆ ಹಾಡನ್ನು ಬರೆದು ಕಳಿಸು. ಎಷ್ಟು ನೆನಪಿದೆಯೋ ಅಷ್ಟು.

ಲಾಳಿ

ಜೂನ್ 28

ಲಾಳಿ,

ತಡವಾಯಿತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ಯಂತ್ರ ಬಂದಿದೆ. ಕಡಲೆಕಾಳಿನಷ್ಟಿದ್ದು, ಜಗತ್ತನ್ನೆಲ್ಲ ಎತ್ತಿ ಕಿವಿಗೆ ಸುರಿಯುತ್ತದೆ. ಮೊದಲ ದಿನ ತಟ್ಟೆ ಇಟ್ಟ ಸದ್ದಿಗೆ ಬೆಚ್ಚಿಬಿದ್ದೆ. ನನ್ನ ಚಪ್ಪಲಿ ಇಷ್ಟು ಗಲಾಟೆ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ಮಾತು ಇನ್ನೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಸದ್ದು ಬರುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಅಭ್ಯಾಸವಾಗಬೇಕಂತೆ. ಮಧ್ಯಾಹ್ನದ ಹೊತ್ತಿಗೆ ಕಿವಿ ನೋಯತೊಡಗಿ ತೆಗೆದಿಡುತ್ತೇನೆ.

ತೆಗೆದ ಕೂಡಲೇ ಶೆಡ್ಡು ಮತ್ತೆ ಶುರು. ಮೊದಲು ಅದರ ಜೊತೆ ಗುದ್ದಾಡುತ್ತಿದ್ದೆ. ಕಿವಿಗೆ ಹತ್ತಿ ತುರುಕುತ್ತಿದ್ದೆ, ಅದರಿಂದ ಇನ್ನೂ ಜೋರಾಗುತ್ತಿತ್ತು. ಹುಡುಗಿ ಹೇಳಿದ ಮೇಲೆ ಪೂರಾ ನಿಶ್ಶಬ್ದದಲ್ಲಿ ಕೂರುವುದನ್ನು ಬಿಟ್ಟಿದ್ದೇನೆ. ಫ್ಯಾನು ಹಾಕಿಕೊಳ್ಳುತ್ತೇನೆ, ರೇಡಿಯೋ ಸಣ್ಣಗೆ ಇಟ್ಟಿರುತ್ತೇನೆ, ಮಾತು ತಿಳಿಯದಿದ್ದರೂ ಗಮನ ಆ ಕಡೆ ಹೋಗುತ್ತದೆ. ಕೆಲವು ದಿನ ಮರೆತೇ ಇರುತ್ತೇನೆ. ಕೆಲವು ದಿನ ತಲೆ ಚಿಟ್ಟು ಹಿಡಿದು ಗೋಡೆಗೆ ಹಣೆ ಒತ್ತಿ ನಿಲ್ಲುತ್ತೇನೆ. ಇದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಹಾಡು ಬರೆದು ಕಳಿಸು ಅಂದೆಯಲ್ಲ. ನಾನೇ ಕಟ್ಟಿದ್ದು, ಮಗ್ಗದ ಮುಂದೆ ನಿಂತು. ನೂಲು ಹೊತ್ತು ಓಡುವ ಮಗ್ಗದ ಲಾಳಿಯಂತೆ ನೀನು ಬರೀ ಅತ್ತಿಂದಿತ್ತ ಓಡುತ್ತಿದ್ದೆಯೆಂದು ಲಾಳಿ ಎಂಬ ಹೆಸರಿಟ್ಟದ್ದೂ ಆಗಲೇ.

ಹಾಸು ಹಾಸಿತು ಸಂಜೆ, ಹೊಕ್ಕು ಹೊಕ್ಕಿತು ನಿದ್ದೆ,
ಎಳೆಗೆ ಎಳೆ ಸೇರಿಸುತ ಮಲಗು ಕಂದ.
ಅತ್ತ ಓಡಿದ್ದಾಯ್ತು, ಇತ್ತ ಓಡಿದ್ದಾಯ್ತು,
ಮಗ್ಗ ನಿಂತಿದೆ, ಇನ್ನು ನಿಲ್ಲು ಲಾಳಿ.

ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡಿ, "ಎಷ್ಟು ಚೆನ್ನಾಗಿ ಹಾಡ್ತೀಯೇ" ಅನ್ನುತ್ತಿದ್ದರು. ಅವರೂ ಶೆಡ್ಡಿನ ಫಿಟ್ಟರು, ಅವರದ್ದೂ ನನ್ನಂಥದೇ ಕಿವಿ, ನನ್ನಂಥದೇ ಕಣ್ಣು. ಹಾಡಿದವಳಿಗೂ ಕೇಳಲಿಲ್ಲ, ಹೊಗಳಿದವರಿಗೂ ಕೇಳಲಿಲ್ಲ. ಕೇಳುವ ಕಿವಿ ಆ ಮನೆಯಲ್ಲಿ ಇದ್ದದ್ದು ನಿನ್ನದೊಂದೇ, ಅದಕ್ಕೆ ನಾವಿಬ್ಬರೂ ಸೇರಿ ಏನೂ ಕೊಡಲಿಲ್ಲ. ಈ ಸಾಲು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಈಗ ಗಂಟಲ ಮೇಲೆ ಕೈಯಿಟ್ಟು ಹಾಡಿ ನೋಡುತ್ತಿದ್ದೇನೆ. ಕೈಗೆ ನಡುಕ ಸಿಕ್ಕಿದರೆ ದನಿ ಬಂದಿದೆ ಎಂದು ಲೆಕ್ಕ. ಮೂಲೆ ಅತ್ತೆಯನ್ನು ಕೇಳಿ ಪ್ರಯೋಜನವಿಲ್ಲ. ಕೆಳಗಿನ ಅಂಗಡಿಯ ದರ್ಜಿಯನ್ನು ಕರೆದು ಕೇಳಿಸಿದೆ. "ದನಿ ಏನೋ ಇದೆ ಅಕ್ಕಾ, ಹಾಡು ಅಂತ ಹೇಳೋದು ಕಷ್ಟ" ಅಂದ.

ಉಂಡೆಯನ್ನು ನೋಡಬೇಕೆನಿಸುತ್ತದೆ. ಒಂದು ಉಪಾಯ ಮಾಡಿದ್ದೇನೆ. ಶೆಡ್ಡಿನಲ್ಲಿ ನನಗೂ ಮೂಲೆ ಅತ್ತೆಗೂ ಮಣಿಕಟ್ಟಿನಿಂದ ಮಣಿಕಟ್ಟಿಗೆ ಒಂದು ನೂಲು ಇರುತ್ತಿತ್ತು. ಮೇಸ್ತ್ರಿ ಬರುತ್ತಿದ್ದರೆ ಕಂಡವಳು ಜಗ್ಗಬೇಕು. ಒಂದು ಸಲವೂ ಸಿಕ್ಕಿಬಿದ್ದಿಲ್ಲ ನಾವು. ಅದೇ ಥರ ತೊಟ್ಟಿಲಿನಿಂದ ನನ್ನ ಕೈಗೆ ಒಂದು ದಾರ ಕಟ್ಟಿಕೊಳ್ಳುತ್ತೇನೆ, ಮಗುವಿಗೆ ತಾಗದಂತೆ ತೊಟ್ಟಿಲಿನ ಹೊರಗಿನಿಂದ. ಅದು ಕಾಲು ಝಾಡಿಸಿದರೆ ತೊಟ್ಟಿಲು ಅಲುಗುತ್ತದೆ, ದಾರ ನನಗೆ ಹೇಳುತ್ತದೆ. ನೀನು ಮನೆಯಲ್ಲಿರುವಾಗಲೇ ಮೊದಲು ಪರೀಕ್ಷೆ ಮಾಡಿ ನೋಡು. ಒಪ್ಪಿಗೆಯಾಗದಿದ್ದರೆ ಮೊಮ್ಮಗಳ ಮುಖ ನೋಡಿಕೊಂಡು ಹಿಂದಿರುಗುತ್ತೇನೆ, ಮುನಿಸಿಕೊಳ್ಳುವುದಿಲ್ಲ.

ಅಮ್ಮ

ಸೆಪ್ಟೆಂಬರ್ 17

ಅಮ್ಮಾ,

ದಾರದ ಪರೀಕ್ಷೆ ಗೆದ್ದು ಇಷ್ಟು ದಿನ ಉಂಡೆಯನ್ನು ನೋಡಿಕೊಂಡ ನೀನು ಯಂತ್ರ ತೋರಿಸಿಕೊಳ್ಳಲು ಊರಿಗೆ ಹೋಗಿ ಇನ್ನೂ ವಾರವಾಗಿಲ್ಲ, ಮನೆ ಬಿಕೋ ಅನ್ನುತ್ತಿದೆ. ಉಂಡೆ ನೀನು ಕೂರುತ್ತಿದ್ದ ಕುರ್ಚಿಯ ಕಡೆ ನೋಡಿ ನೋಡಿ ಅಳುತ್ತದೆ. ಇವರು ರಜೆ ಹಾಕಿ ಮಗುವನ್ನು ನೋಡಿಕೊಳ್ಳುತ್ತಿದ್ದಾರೆ. ದಾರ ಕಟ್ಟಿಕೊಂಡೇ ಪೇಪರು ಓದುತ್ತಾರೆ, ಕಿವಿ ನೆಟ್ಟಗಿದ್ದರೂ. ಭಾನುವಾರ ಬಂದುಬಿಡು. ನೀನು ಬರದೆ ನನ್ನ ಕೆಲಸ ನಡೆಯುವುದಿಲ್ಲ.

ಎದುರಿಗಿದ್ದಾಗ ಹೇಳದೆ ಉಳಿದ ಒಂದು ಮಾತಿದೆ. ನಮಗೆ ಕಾಗದದಲ್ಲೇ ಹೇಳಿ ಅಭ್ಯಾಸವಾಗಿಬಿಟ್ಟಿದೆಯಲ್ಲ.

ಗಂಟಲ ಮೇಲೆ ಕೈಯಿಟ್ಟು ನೀನು ಹಾಡಿದಾಗ ಉಂಡೆ ಹೆದರಿ ತುಟಿ ಸೊಟ್ಟಗೆ ಮಾಡಿದ್ದು ನೆನಪಿದೆಯೇ? ನಾವೆಲ್ಲ ನಕ್ಕೆವು, ನೀನೂ ನಕ್ಕೆ. ಆಮೇಲೆ ನೀನು ಎದ್ದು ಹೋಗಿ ನೀರು ಕುಡಿದು ಬಹಳ ಹೊತ್ತು ಬರಲಿಲ್ಲ. ಆ ಹಾಡು ನನಗೆ ಬೇಕಾಗಿದ್ದ ವಯಸ್ಸು ಮುಗಿದುಹೋಯಿತು, ಮೊಮ್ಮಗಳಿಗೂ ಅದು ದಕ್ಕಲಿಲ್ಲ ಎಂದು ನೀನು ಕೊರಗುತ್ತಿದ್ದೆ. ನನಗೆ ಗೊತ್ತಾಗಿತ್ತು.

ಅದರ ಮಾರನೆಯ ಮಧ್ಯಾಹ್ನ ನಾನು ಅಂಗಡಿಯಿಂದ ಬೇಗ ಬಂದೆ. ನೀನು ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು, ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಮಣಿಕಟ್ಟಿನಲ್ಲಿ ದಾರ. ನಿದ್ದೆಯೆಂದುಕೊಂಡೆ. ಆದರೆ ತುಟಿ ಆಡುತ್ತಿತ್ತು. ಕೈ ಮೊಣಕಾಲಿನ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ದನಿ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ, ಅಪ್ಪ ನಿಲ್ಲುತ್ತಿದ್ದ ಹಾಗೆ.

ಹಾಡು ನನಗೆ ಬಾಯಿಪಾಠವಾಗಿತ್ತು, ನಿನ್ನ ಕಾಗದ ಓದಿ ಓದಿ. ಅದಕ್ಕೇ ಓದಲು ಬಂತು. ಹಾಸು, ಹೊಕ್ಕು, ಎಳೆಗೆ ಎಳೆ, ಎಲ್ಲವೂ ನಿನ್ನ ತುಟಿಯ ಮೇಲೆ ಬಂದು ಹೋಯಿತು. ತೊಟ್ಟಿಲಲ್ಲಿ ಉಂಡೆ ಇದ್ದರೂ ಕೊನೆಯಲ್ಲಿ ನೀನು ಹೇಳಿದ್ದು ನನ್ನ ಹೆಸರನ್ನು. ಪೂರ್ತಿ ಕೇಳಿಸಿತು ಅಮ್ಮಾ. ಮೊದಲನೆಯ ಸಲ ಪೂರ್ತಿ ಕೇಳಿಸಿತು.

ನಿನಗೆ ಅದನ್ನು ಹೇಳಬೇಕಿತ್ತು. ಕೂಗಿದರೆ ನಿನಗೆ ಕೇಳುವುದಿಲ್ಲ, ಕಣ್ಣು ಮುಚ್ಚಿದ್ದರಿಂದ ನನ್ನ ಬಾಯಿ ಕಾಣುವುದಿಲ್ಲ. ಮೆಲ್ಲಗೆ ಬಂದು ಬಗ್ಗಿದೆ. ನೀನು ಬೆಚ್ಚಿ ಕಣ್ಣು ಬಿಟ್ಟು ಮೊದಲು ತೊಟ್ಟಿಲಿಗೆ ಬಗ್ಗಿ ನೋಡಿದೆ. ಉಂಡೆ ಗಾಢ ನಿದ್ದೆಯಲ್ಲಿತ್ತು. ಕನಸಿನಲ್ಲಿ ಒದೆಯಿತೇನೋ ಎಂದು ನೀನು ಅದರ ಹೊದಿಕೆ ಸರಿಮಾಡಿದೆ. ಆಮೇಲೆ ನನ್ನನ್ನು ಕಂಡು, "ಯಾವಾಗ ಬಂದ್ಯೇ?" ಅಂದೆ. ನಾನು ಈಗ ತಾನೇ ಅಂದೆ.

ಅವತ್ತು ದಾರ ಜಗ್ಗಿದ್ದು ಉಂಡೆಯಲ್ಲ ಅಮ್ಮಾ. ನಾನು.

ನಿನ್ನ ಲಾಳಿ